ಅವ್ವನ ಖಾನಾವಳಿಗೆ ಯಾವ ಕಪಾಟು

ಕಪಾಟಿಗೆ ಹೂವಿನ ಹಾರ ಹಾಕುವ ಗ್ರಂಥಾಲಯವನ್ನು ನಾನು ಕಂಡದ್ದು ವಡಾಲದಲ್ಲಿ ಮಾತ್ರ. ನಮ್ಮ ಕನ್ನಡದವರ ಸಂಘವೊಂದರ ಎರಡನೇ ಮಹಡಿಯ ಉದ್ದನೆಯ ಕೋಣೆ ಅದು. ಗೋಡೆಗುಂಟ ಕಬ್ಬಿಣದ ಕಪಾಟುಗಳು. ಪ್ರತಿ ಕಪಾಟಿನ ಬಾಗಿಲ ಮೇಲೂ ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ್ದಾರೆ: ಇಂಥವರ ಸ್ಮರಣಾರ್ಥ, ಇಂಥ ಮಕ್ಕಳಿಂದ. ಒಳಗೆ ಯಾವ ವಿಷಯದ ಪುಸ್ತಕಗಳಿವೆ ಎನ್ನುವುದು ಅದರ ಕೆಳಗೆ ಅಂಟಿಸಿದ ಸಣ್ಣ ಚೀಟಿಯಲ್ಲಿ, ಅದೂ ಉದುರದೆ ಉಳಿದಿದ್ದರೆ. ಸತ್ತವರ ತಿಥಿಯ ದಿನ ಮನೆಯವರು ಬರುತ್ತಾರೆ, ಕಪಾಟಿಗೆ ಹಾರ ಹಾಕಿ ಕುಂಕುಮ ಹಚ್ಚುತ್ತಾರೆ, ಬಾಗಿಲು ತೆರೆದು ಇಟ್ಟ ಪುಸ್ತಕ ಇಟ್ಟಲ್ಲೇ ಇದೆಯೇ ಎಂದು ನೋಡಿಕೊಂಡು ಹೋಗುತ್ತಾರೆ. ಯಾರಾದರೂ ಓದಿದರೇ ಎಂದು ಕೇಳಿದವರನ್ನು ನಾನು ಕಾಣೆ. ಒಂದು ಪುಸ್ತಕ ಒಂದು ಕಪಾಟಿನಿಂದ ಇನ್ನೊಂದಕ್ಕೆ ಹೋದರೆ ಮಾತ್ರ ದೊಡ್ಡ ಗಲಾಟೆ. ಸತ್ತ ಅಪ್ಪನನ್ನು ಮನೆಯಿಂದ ಹೊರಗೆ ಹಾಕಿದ ಹಾಗೆ ಮಾತಾಡುತ್ತಾರೆ.

ಈ ಗ್ರಂಥಾಲಯದ ವರ್ಗೀಕರಣವನ್ನು ಹೊಸದಾಗಿ ಮಾಡಿಕೊಡಿ ಎಂದು ಸಂಘದ ಅಧ್ಯಕ್ಷರು ನನಗೆ ಫೋನು ಮಾಡಿದರು. ಅವರು ಉಡುಪಿಯ ಕಡೆಯವರು. ತಂದೆ ಕಟ್ಟಿದ ಹೋಟೆಲುಗಳನ್ನು ನಡೆಸುತ್ತಾರೆ. ನಾನು ಪರೇಲಿನ ಕಾಲೇಜೊಂದರಲ್ಲಿ ಗ್ರಂಥಪಾಲಕಿಯಾಗಿದ್ದು ನಿವೃತ್ತಳಾದವಳು. ಪುಕ್ಕಟೆ ಸಿಗುತ್ತೇನೆ ಎನ್ನುವುದು ಅವರಿಗೆ ಯಾರಿಂದಲೋ ತಿಳಿದಿತ್ತು.

"ನಮ್ಮ ಬಿಲ್ಡಿಂಗ್ ಕೆಡವ್ತಾರೆ, ರೀಡೆವಲಪ್‌ಮೆಂಟಿಗೆ ಹೋಗ್ತದೆ ಮೇಡಮ್" ಎಂದರು. "ಹೊಸ ಜಾಗ ಸ್ವಲ್ಪ ಸಣ್ಣದು. ಎಲ್ಲ ಬುಕ್ಸ್ ತಕೊಂಡು ಹೋಗ್ಲಿಕ್ಕೆ ಆಗುದಿಲ್ಲ. ಒಂದು ಹೊಸ ಲಿಸ್ಟ್ ಮಾಡುವ. ಇತಿಹಾಸ ಅದು ಇದು ಎಲ್ಲ ಈಗಿನ ರಿಸರ್ಚ್ ಹೇಗುಂಟೋ ಹಾಗೆ. ಲಿಸ್ಟಲ್ಲಿ ಯಾವುದಕ್ಕೆ ಹೆಡಿಂಗ್ ಇಲ್ವೋ ಅದನ್ನು ಯಾರಿಗಾದ್ರೂ ಕೊಟ್ಟುಬಿಡುವ."

ನನಗೆ ಸಂಘ ಸಂಸ್ಥೆ ಎಂದರೆ ಮೊದಲಿನಿಂದಲೂ ಆಗದು. ಮೈಕು, ಶಾಲು, ಹಣ್ಣಿನ ಬುಟ್ಟಿ, ಇನ್ನೊಬ್ಬರನ್ನು ಹೊಗಳಿ ತನ್ನ ಸರದಿಗಾಗಿ ಕಾಯುವ ಜನ. ಆದರೂ ಒಪ್ಪಿಕೊಂಡೆ. ಆ ಕೋಣೆಯಲ್ಲಿ ಎಲ್ಲೋ ಒಂದು ಕಡೆ ನಮ್ಮವ್ವನ ಪುಸ್ತಕವಿತ್ತು. ಅದಕ್ಕೆ ಹೆಡಿಂಗ್ ಇಲ್ಲದೆ ಹೋದರೆ ಅದೂ ಯಾರಿಗೋ ಹೋಗಿಬಿಡುತ್ತಿತ್ತು.

ಅವ್ವ ವಿಜಯಪುರದ ಕಡೆಯಿಂದ ಮದುವೆಯಾಗಿ ಪರೇಲಿನ ಚಾಳಿಗೆ ಬಂದವಳು. ಅಪ್ಪ ಗಿರಣಿಯ ಹತ್ತಿಯ ಧೂಳು ನುಂಗಿ ಎದೆ ಕೆಡಿಸಿಕೊಂಡು ಬೇಗ ಹೋದ. ಆಮೇಲೆ ಅವ್ವ ಅದೇ ಒಂದು ಖೋಲಿಯಲ್ಲಿ ಖಾನಾವಳಿ ಹಾಕಿದಳು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಗಿರಣಿಗೆ ದುಡಿಯಲು ಬಂದ ನಮ್ಮ ಕಡೆಯ ಗಂಡಸರು ತಮ್ಮ ತಮ್ಮ ಪಾಳಿ ಮುಗಿಸಿ ಬಂದು, ಗೋಡೆಗೆ ಒರಗಿ ಸಾಲಾಗಿ ಕೂತು, ಅವ್ವ ಬಡಿದ ಜೋಳದ ರೊಟ್ಟಿ, ಝುಣಕ, ಪುಂಡಿಪಲ್ಯ ಉಂಡು ಹೋಗುತ್ತಿದ್ದರು. ತಿಂಗಳಿಗೊಮ್ಮೆ ದುಡ್ಡು ಕೊಡುತ್ತಿದ್ದರು.

ಅವ್ವನನ್ನು ತಾಯಿ ಅನ್ನಪೂರ್ಣೆ ಎಂದು ಹೊಗಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಖೋಲಿಯಲ್ಲಿ ಬೆಳೆದವಳು ನಾನು. ಅವಳು ಕುಡಿದು ಬಂದವನನ್ನು ತಾಟಿನ ಮುಂದಿನಿಂದ ಎಬ್ಬಿಸಿ ಕಳಿಸುತ್ತಿದ್ದಳು. ಬೇಳೆ ತುಟ್ಟಿಯಾದ ವಾರ ಸಾರಿಗೆ ನೀರು ಜಾಸ್ತಿ ಬೀಳುತ್ತಿತ್ತು, ಯಾಕೆ ಎಂದು ಕೇಳಿದವನಿಗೆ ಬಾಗಿಲು ತೋರಿಸುತ್ತಿದ್ದಳು. ಮಗ್ಗುಲ ಚಾಳಿನಲ್ಲಿ ಇನ್ನೊಬ್ಬಳು ಖಾನಾವಳಿ ತೆಗೆದಾಗ ಅವಳ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ಸೆಳೆದುಕೊಂಡು, ಆಕೆ ಸ್ಟೋವ್ ಆರಿಸಿ ಊರಿಗೆ ಹೋಗುವ ತನಕ ಬಿಡಲಿಲ್ಲ. ಮುಂದೆ ಪಕ್ಕದ ಖೋಲಿಯನ್ನೂ ಬಾಡಿಗೆಗೆ ಹಿಡಿದು, ರೊಟ್ಟಿ ಬಡಿಯಲು ಇಬ್ಬರು ಹೆಂಗಸರನ್ನು ಇಟ್ಟುಕೊಂಡಳು. ಅವರಿಬ್ಬರಿಗೂ ಅವಳೆಂದರೆ ನಡುಕ. ಗಿರಣಿಗಳು ಮುಚ್ಚಿ ಗಂಡಸರು ಊರಿಗೆ ವಾಪಸಾಗುವ ತನಕ ಖಾನಾವಳಿ ನಡೆಯಿತು. ನನ್ನ ಓದು, ನನ್ನ ನೌಕರಿ, ಈಗ ನಾವಿಬ್ಬರೂ ಇರುವ ದಹಿಸರ್‌ನ ಫ್ಲ್ಯಾಟು, ಎಲ್ಲದರ ಬುಡದಲ್ಲಿ ಇರುವುದು ಆ ವ್ಯಾಪಾರ.

ಕೆಲವು ವರ್ಷಗಳ ಹಿಂದೆ ಧಾರವಾಡದ ಕಡೆಯ ಸಂಶೋಧಕಿಯೊಬ್ಬಳು ಬಂದು, ವಾರಗಟ್ಟಲೆ ಅವ್ವನ ಮುಂದೆ ಕೂತು, ಅವಳು ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಪುಸ್ತಕ ಮಾಡಿದಳು. ಅವ್ವನ ಮಾತು ಅವ್ವನ ಮಾತಿನ ಧಾಟಿಯಲ್ಲೇ ಇದೆ, ತಿದ್ದಿಲ್ಲ. ಅದಕ್ಕಾಗಿ ಆ ಹುಡುಗಿಯ ಮೇಲೆ ನನಗೆ ಗೌರವವಿದೆ. ಪ್ರತಿಗಳು ಅಚ್ಚಾದದ್ದೇ ಕಡಿಮೆ. ಮನೆಗೆ ಬಂದವು ನೆಂಟರ ಪಾಲಾದವು. ಕೊನೆಗೆ ಉಳಿದ ಒಂದನ್ನು ಅವ್ವ ತಾನೇ ವಡಾಲದ ಸಂಘಕ್ಕೆ ಕೊಡಿಸಿದಳು, ನಾಲ್ಕು ಜನ ನೋಡಲಿ ಎಂದು. ಈಗ ಅವಳ ಕಣ್ಣು ಮಂಜಾಗಿದೆ, ಓದಲು ಆಗುವುದಿಲ್ಲ. ಎಂಬತ್ತು ದಾಟಿದ ಅವಳಿಗೆ ತನ್ನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನಿದೆಯೋ ಅದೆಲ್ಲ ಆ ಪುಸ್ತಕದಲ್ಲಿದೆ.

ಅಂಧೇರಿಯಲ್ಲಿ ಇಳಿದು ಹಾರ್ಬರ್ ಲೈನಿನ ಲೋಕಲ್ ಹಿಡಿದು ವಡಾಲಕ್ಕೆ ಹೋದ ಮೊದಲ ದಿನವೇ ಅದನ್ನು ಹುಡುಕಿದೆ. ಇತಿಹಾಸದ ಕಪಾಟಿನಲ್ಲಿ ಇರಲಿಲ್ಲ. ಅಲ್ಲಿ ರಾಜರು, ಯುದ್ಧಗಳು, ಶಾಸನಗಳು. ಜೀವನ ಚರಿತ್ರೆಯಲ್ಲೂ ಇಲ್ಲ. ಕಡೆಗೆ ಸಿಕ್ಕಿದ್ದು ಮಹಿಳಾ ವಿಭಾಗದ ಕಪಾಟಿನ ಕೆಳಗಿನ ಅರೆಯಲ್ಲಿ, ಉಪ್ಪಿನಕಾಯಿ ಮತ್ತು ಹಬ್ಬದ ಸಿಹಿತಿಂಡಿಗಳ ಪುಸ್ತಕಗಳ ನಡುವೆ. ಅರಿಸಿನ ಕುಂಕುಮಕ್ಕೆ ಇಟ್ಟ ಸ್ಟೀಲ್ ತಟ್ಟೆಗಳು, ಪೇಪರ್ ಕಪ್ಪುಗಳು ಅದೇ ಅರೆಯಲ್ಲಿದ್ದವು. ಮುಖಪುಟದಲ್ಲಿ ರೊಟ್ಟಿಯ ಚಿತ್ರವಿದೆ, ಅದಕ್ಕೇ ಅಡುಗೆ ಎಂದು ಯಾರೋ ಚೀಟಿ ಅಂಟಿಸಿಬಿಟ್ಟಿದ್ದರು. ಒಳಗೆ ಒಂದು ಪುಟವನ್ನೂ ತೆರೆದು ನೋಡಿರಲಿಲ್ಲ.

ಮನೆಗೆ ಬರುತ್ತಲೇ ಅವ್ವ ಕೇಳಿದಳು. "ಎಲ್ಲಿ ಇಟ್ಟಾರ?"

"ಅಡಗಿ ಪುಸ್ತಕದ ಸಾಲಿನ್ಯಾಗ."

"ಅದರಾಗ ಅಡಗಿ ಎಲ್ಲೈತಿ? ಒಂದು ಸಾರು ಮಾಡೂದು ಸೈತ ಹೇಳಿಲ್ಲ ನಾ. ಬ್ಯಾರೇದವ್ರು ಕಲ್ತುಬಿಟ್ರ ಅಂತ ಬೇಕಂತ ಹೇಳಿಲ್ಲ." ಆಮೇಲೆ ಹೇಳಿದಳು: "ಛಲೋ ಜಾಗಾದಾಗ ಇಡಸು. ನಾ ಹೋಗೂದ್ರೊಳಗ ಎಲ್ಲಿ ಇಟ್ಟಿ ಅಂತ ನನಗ ಬಂದು ಹೇಳು."

ಛಲೋ ಜಾಗ ಯಾವುದು ಎನ್ನುವುದರಲ್ಲಿ ನನಗೆ ಆಗ ಅನುಮಾನವಿರಲಿಲ್ಲ. ಇತಿಹಾಸ. ಇದು ನನ್ನ ಹಳೆಯ ಜಗಳ. ನಾನು ಕಲಿತ, ವಿಷಯಕ್ಕೊಂದು ನಂಬರು ಕೊಡುವ ದಶಾಂಶ ಪದ್ಧತಿಯಲ್ಲಿ ಇತಿಹಾಸ ಒಂಬೈನೂರರ ಸಾಲಿನಲ್ಲಿ ಬರುತ್ತದೆ, ಅಡುಗೆ ಆರುನೂರರಲ್ಲಿ, ಕೂಲಿಕಾರರು ಮತ್ತು ಹೆಂಗಸರು ಮುನ್ನೂರರಲ್ಲಿ. ಕಾಲೇಜಿನಲ್ಲಿ ಇತಿಹಾಸದ ಸಿಲೆಬಸ್ ಬದಲಾಯಿತು. ಊಟದ ಇತಿಹಾಸ, ವಲಸೆಯ ಇತಿಹಾಸ, ಚಾಳುಗಳ ಇತಿಹಾಸ ಎಂದು ಪೇಪರುಗಳು ಬಂದವು. ಮಕ್ಕಳು ಪುಸ್ತಕ ಕೇಳಿಕೊಂಡು ಬಂದರೆ ಒಂದು ಈ ಗೋಡೆಯಲ್ಲಿ, ಒಂದು ಆ ಗೋಡೆಯಲ್ಲಿ, ಇನ್ನೊಂದು ಅಟ್ಟದ ಮೇಲೆ. ಎಲ್ಲವನ್ನೂ ಒಂದು ಕಡೆ ತರೋಣ ಎಂದು ನಾನು ಬರೆದುಕೊಟ್ಟ ಪ್ರಸ್ತಾಪವನ್ನು ಇತಿಹಾಸ ವಿಭಾಗದ ಮುಖ್ಯಸ್ಥರು ನೋಡಿ, ನಂಬರು ಬದಲಾಯಿಸುವುದು ಗುಮಾಸ್ತರ ಕೆಲಸ, ಅದರಲ್ಲಿ ಚರ್ಚೆ ಮಾಡುವುದೇನಿದೆ ಎಂದರು. ಗುಮಾಸ್ತರ ಕೆಲಸವಾದರೆ ನೀವೇ ಒಂದು ಸಂಜೆ ಕೂತು ಮಾಡಿ ತೋರಿಸಿ ಎಂದು ನಾನೂ ಹೇಳಿದೆ. ಅಲ್ಲಿಂದ ನಾನು ನಿವೃತ್ತಳಾಗುವವರೆಗೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಪುಸ್ತಕಕ್ಕೆ ಜಾಗ ಕೊಡುವುದೆಂದರೆ ಅದಕ್ಕೆ ನೆರೆಹೊರೆ ಕೊಡುವುದು. ಚಾಳಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಯಾರಿದ್ದಾರೆ ಎನ್ನುವುದರ ಮೇಲೆ ನಿನ್ನನ್ನು ಯಾರು ನೋಡಲು ಬರುತ್ತಾರೆ, ಹೇಗೆ ನೋಡುತ್ತಾರೆ ಎನ್ನುವುದು ತೀರ್ಮಾನವಾಗುತ್ತದೆ. ಉಪ್ಪಿನಕಾಯಿಯ ಪಕ್ಕ ಇಟ್ಟ ಪುಸ್ತಕವನ್ನು ತೆಗೆದವರು ಅದರಲ್ಲಿ ಉಪ್ಪಿನಕಾಯಿ ಇಲ್ಲವಲ್ಲ ಎಂದು ಮತ್ತೆ ಮುಚ್ಚಿಡುತ್ತಾರೆ.

ಅಧ್ಯಕ್ಷರು ನನ್ನ ಜೊತೆಗೆ ಒಬ್ಬ ಸಲಹೆಗಾರ್ತಿಯನ್ನೂ ಕರೆಸಿದ್ದರು. ನಗರದ ಇನ್ನೊಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಪ್ರಾಧ್ಯಾಪಕಿ. ಮಂಗಳೂರಿನ ಕಡೆಯ ಮನೆತನ, ಹುಟ್ಟಿದ್ದು ಬೆಳೆದದ್ದು ಮುಂಬಯಿಯಲ್ಲೇ. ಕನ್ನಡದಲ್ಲಿ ಶುರುಮಾಡಿದ ಮಾತನ್ನು ಅರ್ಧಕ್ಕೆ ಬಿಟ್ಟು ಇಂಗ್ಲಿಷಿಗೆ ಹತ್ತುತ್ತಿದ್ದರು. ಮೊದಲ ಭೇಟಿಯಲ್ಲಿ ನನಗೆ ಅವರು ಇಷ್ಟವಾದರು ಎಂದು ಒಪ್ಪಿಕೊಳ್ಳಲೇಬೇಕು.

"ಈಗ ಹಿಸ್ಟರಿ ಅಂದ್ರೆ ಓನ್ಲಿ ರಾಜರು ಅಲ್ಲ ಮ್ಯಾಮ್" ಎಂದರು. "ಫುಡ್, ಲೇಬರ್, ಮೈಗ್ರೇಶನ್, ಮೆಮೊರಿ, ಎಲ್ಲ ಹಿಸ್ಟರಿನೇ."

ಇಷ್ಟು ವರ್ಷ ನಾನು ಒಬ್ಬಳೇ ಗೋಡೆಗೆ ಹೇಳಿಕೊಂಡದ್ದನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಹೊಟ್ಟೆ ತಣ್ಣಗಾಯಿತು. ಆ ತಂಪು ಮುಂದಿನ ವಾರದವರೆಗೆ ಮಾತ್ರ. ಮುಂದಿನ ವಾರ ಅವರು ಲ್ಯಾಪ್‌ಟಾಪಿನಲ್ಲಿ ಹೊಸ ಹೆಡಿಂಗುಗಳನ್ನು ತಂದರು. ಅದರಲ್ಲಿ ಒಂದರ ಹೆಸರು 'ಅಂಚಿನ ದನಿಗಳು'.

"ನಿಮ್ಮ ತಾಯಿದು ಬುಕ್ ಓದಿದೆ ಮ್ಯಾಮ್. ಬ್ಯೂಟಿಫುಲ್. ಇದು ಪರ್ಫೆಕ್ಟ್ ಅಂಚಿನ ದನಿ."

"ಯಾವುದರ ಅಂಚು?"

"ಅಂದ್ರೆ, ಸೊಸೈಟಿದು. ಮಾರ್ಜಿನ್ಸ್."

"ನಮ್ಮವ್ವ ಖೋಲಿಯ ನಟ್ಟನಡುವೆ ಕೂತು ಬಡಿಸುತ್ತಿದ್ದಳು. ಅಂಚಿಗೆ ಗೋಡೆ ಹಿಡಿದು ಕೂತವರು ಉಣ್ಣುವವರು."

ಅವರು ನಕ್ಕು, ಅದನ್ನೂ ಬರೆದುಕೊಂಡರು. ನಾನು ಬೈದದ್ದನ್ನು ಬರೆದುಕೊಳ್ಳುವವರ ಜೊತೆ ಜಗಳವಾಡುವುದು ಹೇಗೆ? ಆ ಹೆಡಿಂಗಿನ ಕೆಳಗೆ ಅವರು ಇನ್ನೂ ಏನೇನು ಹಾಕಿದ್ದಾರೆ ಎಂದು ನೋಡಿದೆ. ಬರಗಾಲದ ಹಾಡುಗಳು, ಜೈಲಿನಲ್ಲಿ ಬರೆದ ದಿನಚರಿ, ಕುಷ್ಠರೋಗಿಯೊಬ್ಬರ ಆತ್ಮಕಥೆ, ಅವ್ವನ ಖಾನಾವಳಿ. ಇವರಿಗೆಲ್ಲ ಒಬ್ಬರಿಗೊಬ್ಬರಿಗೆ ಏನು ಸಂಬಂಧ ಎಂದು ತುಂಬಾ ಯೋಚಿಸಿದೆ. ಪ್ರಾಧ್ಯಾಪಕಿಯ ಮನೆಗೆ ಇವರು ಯಾರೂ ಊಟಕ್ಕೆ ಬಂದವರಲ್ಲ, ಅಷ್ಟೇ ಸಂಬಂಧ. ಹಾಗಂತ ಅವರಿಗೇ ಹೇಳಿದೆ. ಈ ಸಲ ಅವರು ಬರೆದುಕೊಳ್ಳಲಿಲ್ಲ.

ಆ ಹೆಡಿಂಗನ್ನು ತೆಗೆಸಿ, ಅವ್ವನ ಪುಸ್ತಕವನ್ನು ನೇರವಾಗಿ ಇತಿಹಾಸದ ಕಪಾಟಿಗೆ ಹಾಕಬೇಕೆಂದು ನಾನು ಹಟ ಹಿಡಿದೆ. ಆಗ ಅಧ್ಯಕ್ಷರು ಅಡ್ಡ ಬಂದರು. ಇತಿಹಾಸದ ಕಪಾಟು ಬಟ್ಟೆ ವ್ಯಾಪಾರಿಯೊಬ್ಬರ ಸ್ಮರಣಾರ್ಥ ಬಂದದ್ದು. ಅವರಿಗೆ ಸಾಮ್ರಾಜ್ಯಗಳೆಂದರೆ ಪ್ರಾಣವಂತೆ. ಅವರ ಮಕ್ಕಳು ಪ್ರತಿ ವರ್ಷ ಹಾರ ತರುತ್ತಾರೆ.

"ಅವರು ಬಂದು ನೋಡಿ, ನಮ್ಮ ಅಪ್ಪನ ಕಪಾಟಲ್ಲಿ ಈ ರೊಟ್ಟಿಯ ಬುಕ್ ಎಂತಕ್ಕೆ ಅಂತ ಕೇಳಿದ್ರೆ ನಾನು ಎಂತ ಹೇಳುದು ಮಾರಾಯ್ರೆ?"

"ರಾಜರೂ ಊಟ ಮಾಡುತ್ತಿದ್ದರು ಅಂತ ಹೇಳಿ."

"ನೀವು ಸಿಟ್ಟು ಮಾಡ್ಬೇಡಿ ಮೇಡಮ್. ಡೋನರ್ಸ್ ಇಲ್ಲದೆ ಲೈಬ್ರರಿ ಇಲ್ಲ."

"ಓದುವವರು ಇಲ್ಲದೆಯೂ ಲೈಬ್ರರಿ ನಡೆಯುತ್ತಿದೆಯಲ್ಲ."

ಹೀಗೆ ಹಲವು ಭಾನುವಾರಗಳು ಹೋದವು. ಅವರು ಚಹಾ ತರಿಸುತ್ತಿದ್ದರು, ನಾನು ಕುಡಿಯುತ್ತಿರಲಿಲ್ಲ. ಸೌಮ್ಯವಾಗಿ ಮಾತಾಡುವ ಮನುಷ್ಯ, ದನಿ ಏರಿಸಿದ್ದು ನಾನು ಕೇಳಿಲ್ಲ. ಅಂಥವರ ಮೇಲೆ ಬರುವ ಸಿಟ್ಟು ಬೇಗ ಇಳಿಯುವುದಿಲ್ಲ. ಕಡೆಗೆ ಇಬ್ಬರಿಗೂ ಸಾಕಾಗಿ ಒಂದು ಒಪ್ಪಂದವಾಯಿತು. ಹಳೆಯ ಕಪಾಟಿನ ತಂಟೆಗೆ ಹೋಗುವುದು ಬೇಡ, ಯಾರ ಹೆಸರೂ ಇಲ್ಲದ ಹೊಸ ಕಪಾಟೊಂದನ್ನು ಸಂಘವೇ ತರಿಸುತ್ತದೆ. ಅದರ ಹೆಡಿಂಗ್ 'ಇತಿಹಾಸ: ದುಡಿಮೆ ಮತ್ತು ವಲಸೆ'. ಗಿರಣಿ ಕಾರ್ಮಿಕರ ನೆನಪುಗಳು, ಮುಷ್ಕರದ ಕಾಲದ ಬರಹಗಳು, ಬಂದರಿನಲ್ಲಿ ದುಡಿದವರ ಕಥನ, ಅವುಗಳ ಜೊತೆ ಅವ್ವ. ಪ್ರಾಧ್ಯಾಪಕಿಗೂ ಒಪ್ಪಿಗೆಯಾಯಿತು. ಮುಂದಿನ ಭಾನುವಾರದ ಕಮಿಟಿ ಮೀಟಿಂಗಿನಲ್ಲಿ ಪಟ್ಟಿ ಪಾಸಾದರೆ ಮುಗಿಯಿತು.

ನಾನು ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಅವ್ವ ಕಾಟಿನ ಮೇಲೆ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಅದನ್ನು ಅವಳು ಈಗ ಕೈಯಲ್ಲಿ ಮುಟ್ಟಿ ನೋಡಿಯೇ ಮಾಡುತ್ತಾಳೆ. ಪಟ್ಟಿ ಓದಿ ಹೇಳಿದೆ. ಇತಿಹಾಸದಾಗ ಬಂತು ಅವ್ವಾ, ಹೊಸ ಕಪಾಟು ಎಂದೆ.

"ಅದರಾಗ ಇನ್ನ ಯಾರ್ಯಾರು ಅದಾರ?"

"ಗಿರಣಿಯವ್ರು ಅದಾರ. ಬಂದರದವ್ರು."

"ಅಂದ್ರ ನನ್ನ ಗಿರಾಕಿಗಳು" ಎಂದಳು ಅವ್ವ. ಕೈ ನಿಲ್ಲಿಸಿದಳು. "ನನ್ನ ತಗೊಂಡು ಹೋಗಿ ಗಿರಾಕಿಗಳ ಸಾಲಿನ್ಯಾಗ ಕುಂಡ್ರಿಸೀದಿ."

"ಹಂಗಲ್ಲ ಅವ್ವಾ. ದುಡದವ್ರದು ಅದು."

"ನಾ ಗಿರಣಿಗೆ ಹೋಗಿಲ್ಲ. ಯಾರ ಕೈಯಾಗೂ ಪಗಾರ ತಗೊಂಡಿಲ್ಲ. ಗಿರಣಿಯವ್ರಿಗೆ ಊಟ ಮಾರೀನಿ. ಊಟ ಮಾರಿದವ್ರ ಕಪಾಟು ಇಲ್ಲೇನು ಅಲ್ಲಿ?"

ಇತ್ತು. ಬಾಗಿಲ ಹತ್ತಿರ, ಎಲ್ಲಕ್ಕಿಂತ ಎತ್ತರದ್ದು, ಗಾಜಿನ ಬಾಗಿಲಿನದು. ಅಧ್ಯಕ್ಷರು ತಮ್ಮ ತಂದೆಯ ಸ್ಮರಣಾರ್ಥ ಕೊಟ್ಟದ್ದು, ಮೇಲೆ ತಂದೆಯ ಫೋಟೋ. ಅದರ ಹೆಡಿಂಗ್ 'ಸಾಧಕ ಉದ್ಯಮಿಗಳು'. ಒಳಗೆ ಹೋಟೆಲು ಕಟ್ಟಿ ಬೆಳೆಸಿದವರ ಅಭಿನಂದನ ಗ್ರಂಥಗಳು, ದಪ್ಪ ರಟ್ಟು, ಚಿನ್ನದ ಅಕ್ಷರ. ಅದನ್ನು ನಾವು ಯಾರೂ ಮುಟ್ಟಿರಲಿಲ್ಲ. ಹಳೆಯ ಪದ್ಧತಿಯಲ್ಲೂ ಅದು ಹಾಗೇ ಇತ್ತು, ಹೊಸ ಪಟ್ಟಿಯಲ್ಲೂ ಹಾಗೇ ಉಳಿದಿತ್ತು. ಇದನ್ನು ಅವ್ವನಿಗೆ ಹೇಳಿದೆ.

"ಅದರಾಗ ಇಡು."

ನಾನು ನಕ್ಕುಬಿಟ್ಟೆ. "ಅವ್ರದು ಹೋಟೆಲ್ ಅವ್ವಾ."

"ನಂದೇನು ಗುಡಿ ಆಗಿತ್ತೇನು? ಅವ್ರೂ ಊಟಕ್ಕ ಹಾಕಿ ರೊಕ್ಕಾ ತಗೊಂಡ್ರು, ನಾನೂ ಊಟಕ್ಕ ಹಾಕಿ ರೊಕ್ಕಾ ತಗೊಂಡೆ. ಅವ್ರು ಮಂದಿ ಇಟ್ಟಿದ್ರು, ನಾನೂ ಇಟ್ಟಿದ್ದೆ. ಅವ್ರು ಗಂಡಸರು ಇದ್ರು, ಕುರ್ಚಿ ಮ್ಯಾಲ ಕುಂಡ್ರಿಸಿದ್ರು. ನಾ ನೆಲದ ಮ್ಯಾಲ ಕುಂಡ್ರಿಸಿದೆ. ಅದಕ್ಕ ಕಪಾಟು ಬ್ಯಾರೆ ಆಗತೈತೇನು?"

ಆಮೇಲೆ ಸೊಪ್ಪನ್ನು ಪಕ್ಕಕ್ಕೆ ಸರಿಸಿ, "ನೀನೂ ಆ ಸಂಘದವ್ರ ಹಂಗ ಮಾತಾಡ್ತಿ" ಎಂದಳು.

ಆ ಮಾತು ನನಗೆ ಚುಚ್ಚಿತು. ಒಂದೇ ಕೆಲಸ ಮಾಡಿದವರ ಪುಸ್ತಕಗಳು ಒಂದೇ ಕಡೆ ಇರಬೇಕು. ವರ್ಗೀಕರಣದ ಪಾಠದಲ್ಲಿ ಮೊದಲ ದಿನ ಹೇಳಿಕೊಡುವುದು ಇದನ್ನೇ. ಹೊಸ ಇತಿಹಾಸ, ಹೊಸ ಹೆಡಿಂಗು ಎಂದು ತಿಂಗಳುಗಟ್ಟಲೆ ಜಗಳವಾಡಿದ ನಾನು, ಬಡವಿ ಎಂದ ಕೂಡಲೇ ಅವಳನ್ನು ಬಡವರ ಸಾಲಿಗೆ ತಳ್ಳಿದ್ದೆ. ಅವಳು ಏನು ಕೆಲಸ ಮಾಡಿದಳು ಎಂದು ಅಧ್ಯಕ್ಷರೂ ಕೇಳಲಿಲ್ಲ, ಪ್ರಾಧ್ಯಾಪಕಿಯೂ ಕೇಳಲಿಲ್ಲ, ಆ ಖೋಲಿಯ ಅನ್ನ ಉಂಡು ಬೆಳೆದ ನಾನೂ ಕೇಳಲಿಲ್ಲ. ಪಟ್ಟಿಯಲ್ಲಿ ಅವ್ವನ ಪುಸ್ತಕದ ಮುಂದೆ ಇದ್ದದ್ದನ್ನು ಹೊಡೆದುಹಾಕಿ 'ಸಾಧಕ ಉದ್ಯಮಿಗಳು' ಎಂದು ಬರೆದೆ. ಬರೆಯುವಾಗಲೇ ಮುಂದಿನ ಭಾನುವಾರ ಏನಾಗುತ್ತದೆ ಎಂದು ಗೊತ್ತಿತ್ತು, ಅದಕ್ಕೆ ಖುಷಿಯೂ ಆಯಿತು.

ಮೀಟಿಂಗಿಗೆ ನಾನೂ ಬರುತ್ತೇನೆ ಎಂದು ಅವ್ವ ಹಟ ಮಾಡಿದಳು. ದಹಿಸರ್‌ನಿಂದ ಟ್ಯಾಕ್ಸಿ ಮಾಡಿದೆ. ಸಂಘದ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ. ಒಂದೊಂದು ಮೆಟ್ಟಿಲಿಗೂ ನಿಂತು, ನನ್ನ ತೋಳು ಹಿಡಿದು ಹತ್ತಿದಳು. ಒಳಗೆ ಕಮಿಟಿಯ ಗಂಡಸರು ಎದ್ದು ನಿಂತು ನಮಸ್ಕಾರ ಮಾಡಿದರು, ಕುರ್ಚಿ ಎಳೆದುಕೊಟ್ಟರು. ಬರೀ ಗೌರವ.

ನಾನು ಪಟ್ಟಿ ಓದುತ್ತಾ ಹೋದೆ. ಅವ್ವನ ಪುಸ್ತಕದ ಸಾಲು ಬಂದಾಗ ಅಧ್ಯಕ್ಷರು ಚಹಾದ ಕಪ್ಪು ಕೆಳಗಿಟ್ಟರು.

"ಇದು ಮಿಸ್ಟೇಕ್ ಅಲ್ವಾ ಮೇಡಮ್? ನಾವು ದುಡಿಮೆ ಮತ್ತು ವಲಸೆ ಅಂತ ಮಾತಾಡಿದ್ದು."

"ಮಿಸ್ಟೇಕ್ ಅದಾಗಿತ್ತು. ಇದು ಸರಿ ಮಾಡಿದ್ದು" ಎಂದೆ.

"ಅದು ನಮ್ಮ ತಂದೆಯವರ ಕಪಾಟು."

"ಹೌದ್ರೀ ಸಾಹೇಬ್ರ" ಎಂದಳು ಅವ್ವ. "ನಿಮ್ಮಪ್ಪಾರ ಪಕ್ಕದಾಗ ಇಡ್ರಿ. ಅವ್ರದೂ ಊಟದ ಧಂದೆ, ನಂದೂ ಊಟದ ಧಂದೆ."

ಅಧ್ಯಕ್ಷರು ಅವಳ ಕಡೆ 'ಪಾಪ' ಎನ್ನುವ ಹಾಗೆ ತಿರುಗಿದರು. "ಅಮ್ಮ, ನಿಮ್ಮ ಮೇಲೆ ನಮಗೆ ಬಹಳ ಗೌರವ ಉಂಟು. ನೀವು ಕಷ್ಟಪಟ್ಟು ಮಕ್ಕಳನ್ನು ಸಾಕಿದ್ದೀರಿ. ಮಹಿಳಾ ದಿನಕ್ಕೆ ನಿಮಗೆ ಶಾಲು ಹೊದಿಸಿ ಒಂದು ಸನ್ಮಾನ ಮಾಡುವ. ಆದ್ರೆ ನಮ್ಮ ತಂದೆ ನೂರಾರು ಜನಕ್ಕೆ ಕೆಲಸ ಕೊಟ್ಟವರು."

"ಶಾಲು ಬ್ಯಾಡ, ಮುಂಬೈಯಾಗ ಸೆಕಿ. ನಾ ಇಬ್ಬರಿಗೆ ಕೆಲಸಾ ಕೊಟ್ಟಿದ್ದೆ. ನಿಮ್ಮದು ದೊಡ್ಡದು, ನಂದು ಸಣ್ಣದು. ಪುಸ್ತಕಾನೂ ಸಣ್ಣದೈತಿ, ತುದೀಗೆ ಇಡ್ರಿ."

"ಹಾಗೆ ಮಾಡಿದ್ರೆ ನಾಳೆ ವಡಾಪಾವ್ ಗಾಡಿಯವನೂ ಬುಕ್ ತಕೊಂಡು ಬರ್ತಾನೆ ಅಮ್ಮ."

ಕಮಿಟಿಯವರು ನಕ್ಕರು. ಜೋರಾಗಿ ಏನಲ್ಲ, ಹಿರಿಯ ಹೆಂಗಸಿನ ಮುಂದೆ ಎಷ್ಟು ನಗಬೇಕೋ ಅಷ್ಟು. ಬರಲಿ, ಅವನ ಪುಸ್ತಕವನ್ನೂ ಅಲ್ಲೇ ಇಡೋಣ ಎಂದು ನಾನು ಹೇಳಿದ್ದು ಯಾರಿಗೂ ಕೇಳಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ಅವ್ವ ನಗುವವರ ಕಡೆ ಮುಖ ಮಾಡಿ ಕೂತಿದ್ದಳು. ಅವರ ಮುಖ ಅವಳಿಗೆ ಕಾಣದು. ಯಾರು ನಕ್ಕರು, ಯಾರು ಸುಮ್ಮನಿದ್ದರು ಎಂದು ಅವಳು ಕಿವಿಯಿಂದಲೇ ತಿಳಿದುಕೊಳ್ಳುತ್ತಿದ್ದಳು. ಅಂಥ ಅಸಹ್ಯ ನನಗೆ ಜೀವಮಾನದಲ್ಲಿ ಯಾರ ಮೇಲೂ ಬಂದಿರಲಿಲ್ಲ. ಆ ಗಾಜಿನ ಬಾಗಿಲನ್ನು ಒದೆಯಬೇಕು ಅನ್ನಿಸಿತು.

ಅಷ್ಟರಲ್ಲಿ ಪ್ರಾಧ್ಯಾಪಕಿ ಕುರ್ಚಿಯನ್ನು ಅವ್ವನ ಹತ್ತಿರಕ್ಕೆ ಎಳೆದುಕೊಂಡರು. ಇವರಾದರೂ ಬಾಯಿ ಬಿಡುತ್ತಾರೆ ಎಂದುಕೊಂಡೆ. ಎರಡು ಮಾತು ಸಾಕಾಗಿತ್ತು. ಇತ್ತೀಚಿನ ಸಂಶೋಧನೆ ಏನು ಹೇಳುತ್ತದೆ ಎಂದು ತಿಳಿಸಲೆಂದೇ ಅವರನ್ನು ಕರೆಸಿದ್ದು. ಅವರ ಮುಖ ಸಂತೋಷದಿಂದ ಕೆಂಪಾಗಿತ್ತು.

"ಅಜ್ಜಿ, ನೀವು ಹೇಳಿದ್ದು ಎಷ್ಟು ಇಂಪಾರ್ಟೆಂಟ್ ಗೊತ್ತಾ? ಇದು ನನ್ನ ನೆಕ್ಸ್ಟ್ ಪೇಪರಿಗೆ ಬೇಕು" ಎಂದು ಫೋನು ತೆಗೆದು ರೆಕಾರ್ಡಿಂಗ್ ಒತ್ತಿ ಅವಳ ಮುಂದೆ ಹಿಡಿದರು. "ಆ ಧಂದೆ ಮಾತು ಇನ್ನೊಮ್ಮೆ ಹೇಳ್ತೀರಾ? ಪ್ಲೀಸ್."

ಅವ್ವ ಕೈ ಚಾಚಿ ಫೋನನ್ನು ಮುಟ್ಟಿ ನೋಡಿದಳು. ಅದು ಏನು ಎಂದು ತಿಳಿದ ಮೇಲೆ ಮೆಲ್ಲಗೆ ಆಚೆ ಸರಿಸಿದಳು.

"ಒಮ್ಮೆ ಹೇಳಿದ್ದನ್ನ ಎಲ್ಲಿ ಇಡಬೇಕು ಅಂತ ನಿಮಗ ಇನ್ನೂ ತಿಳದಿಲ್ಲ" ಎಂದಳು. "ಇನ್ನೊಮ್ಮೆ ಹೇಳಿದ್ರ ಅದನ್ನ ಎಲ್ಲಿ ಇಡ್ತೀರಿ?"

ಅವ್ವ ನನ್ನ ಕಡೆ ಕೈ ಮಾಡಿದಳು. "ಪುಸ್ತಕ ತಗೋ. ನಡಿ."

ಮಹಿಳಾ ವಿಭಾಗದ ಕಪಾಟಿನಿಂದ, ಪೇಪರ್ ಕಪ್ಪುಗಳ ಮಗ್ಗುಲಿಂದ ಪುಸ್ತಕ ತೆಗೆದು ಚೀಲಕ್ಕೆ ಹಾಕಿಕೊಂಡೆ. ಸಂಘದ ಸ್ವತ್ತನ್ನು ಎಲ್ಲರ ಕಣ್ಣೆದುರು ಎತ್ತಿಕೊಂಡು ಹೋಗುತ್ತಿದ್ದೇನೆ, ಯಾರಾದರೂ ತಡೆಯಲಿ, ಒಂದು ಕೈ ನೋಡಿಬಿಡೋಣ ಎಂದೇ ಇದ್ದೆ. ಯಾರೂ ತಡೆಯಲಿಲ್ಲ. ಪಟ್ಟಿಯನ್ನು ಮೇಜಿನ ಮೇಲೆ ಬಿಟ್ಟು ಬಂದೆ. ಇಳಿಯುವಾಗ ಅವ್ವ ಎಲ್ಲೂ ನಿಲ್ಲಲಿಲ್ಲ.

ಹೊಸ ಜಾಗದ ಉದ್ಘಾಟನೆಗೆ ಕರೆ ಬಂತು. ಹೋಗಲಿಲ್ಲ. ಹೋದವರು ಹೇಳಿದರು: ಕಪಾಟುಗಳಿಗೆಲ್ಲ ಹೊಸ ಬಣ್ಣ, ಹೊಸ ಹಾರ. 'ಇತಿಹಾಸ: ದುಡಿಮೆ ಮತ್ತು ವಲಸೆ' ಎಂಬ ಹೆಡಿಂಗ್ ಇದೆ, ಅದರ ಕೆಳಗೆ ಪಟ್ಟಿಯಲ್ಲಿ ಅವ್ವನ ಪುಸ್ತಕದ ಹೆಸರೂ ಇದೆ. ಯಾರೋ ವಿದ್ಯಾರ್ಥಿ ಬಂದು ಅದೇ ಪುಸ್ತಕ ಕೇಳಿದನಂತೆ. ಅದಾದ ವಾರ ಅಧ್ಯಕ್ಷರ ಫೋನು ಬಂತು, ಅದೇ ಸೌಮ್ಯ ದನಿ. ಲೈಬ್ರರಿಯ ಒಂದು ಬುಕ್ ನಿಮ್ಮಲ್ಲಿ ಉಳಿದಿದೆ, ವಾಪಸ್ ಕೊಟ್ಟರೆ ಉಪಕಾರವಾಗುತ್ತಿತ್ತು ಎಂದರು. ನಾನು ಉತ್ತರ ಕೊಡುವ ಮೊದಲೇ ಅವ್ವ ಫೋನು ಕೊಡು ಎಂದು ಕೈ ಚಾಚಿದಳು.

"ಸಾಹೇಬ್ರ, ಪುಸ್ತಕ ಐತ್ರಿ, ಕಳದಿಲ್ಲ" ಎಂದಳು. "ನಿಮ್ಮಪ್ಪಾರ ಪಕ್ಕದಾಗ ಜಾಗಾ ಆದ ದಿನ ಫೋನ್ ಮಾಡ್ರಿ. ನಾನ ಮೆಟ್ಟಲಾ ಹತ್ತಿ ಬಂದು ಇಟ್ಟು ಹೋಗ್ತೀನಿ."

ಆ ಫೋನು ಇನ್ನೂ ಬಂದಿಲ್ಲ. ಅವ್ವನಿಗೆ ಈಗ ಕಾಟಿನಿಂದ ಎದ್ದು ಕೂರಲೂ ನನ್ನ ಕೈ ಬೇಕು.